ಮರದ ಪುಡಿ ತುಂಬಿದ ಲ್ಯಾಪ್‌ಟಾಪ್

ಮಾರ್ಚ್ 4, ಸೋಮವಾರ

ಇಲ್ಲ ಭಾವ, ಇಲ್ಲ. ಬೇಕಂತ ಮಾಡೋನಾಗಿದ್ರೆ ನಾನು ಹಲಗೆ ಯಾಕೆ ಕೊಯ್ಲಿ? ಮಧ್ಯಾಹ್ನ ಬಾಯಿ ತೆರ್ಕೊಂಡು ನಿದ್ದೆ ಹೊಡೀತೀಯಲ್ಲ, ಆಗ ನಿನ್ನ ಮೀಸೆ ಕೊಯ್ತಿದ್ದೆ. ಅರ್ಧ ಮಾತ್ರ. ಎದುರಿಗೆ ನೀವು ತಾವು ಅಂತೀನಿ, ಅಕ್ಕನ ಗಂಡ ಅಂತ. ಇದು ನನ್ನ ಪುಸ್ತಕ. ಇಲ್ಲಿ ನೀನು ನೀನೇ.

ಅಲ್ಲಂತೂ ಕೇಳಲಿಲ್ಲ, ಇಲ್ಲಾದ್ರೂ ಕೇಳು. ಮೂರು ವರ್ಷ ನಿನ್ನ ವರ್ಕ್‌ಶಾಪಲ್ಲಿ ಪ್ಲೈವುಡ್ ಕೊಯ್ದಿದ್ದೀನಿ. ನೀನು ಲ್ಯಾಪ್‌ಟಾಪಲ್ಲಿ ಬರೆಯೋದು ಕಪಾಟು ಮುಂದಿನಿಂದ ಹೇಗೆ ಕಾಣುತ್ತೋ ಹಾಗೆ. ನಾನು ಕೊಯ್ಯೋದು ಹಲಗೆ ಬೋರಲು ಹಾಕಿ, ಹಿಂದಿನಿಂದ. ಮೈಕಾ ಅಂಟಿಸಿದ ಮುಖ ಮೇಲಿದ್ರೆ ಗರಗಸ ಅದನ್ನ ಚಕ್ಕೆ ಚಕ್ಕೆ ಎಬ್ಬಿಸಿಬಿಡುತ್ತೆ, ಅದಕ್ಕೆ. ಹಾಗಾಗಿ ನಿನ್ನ ಕಾಗದದಲ್ಲಿ ಎಡಕ್ಕಿರೋದನ್ನ ನಾನು ಬಲಕ್ಕೆ ಗೆರೆ ಹಾಕ್ತೀನಿ. ಮೊದಲನೇ ದಿನ ಕಿವಿ ಹಿಂಡಿ ಹೇಳಿಕೊಟ್ಟೋನು ನೀನೇ. "ಎಡ ಕಂಡ್ರೆ ಬಲ ಅನ್ಕೋ, ಬಲ ಕಂಡ್ರೆ ಎಡ ಅನ್ಕೋ, ಮಿಕ್ಕಿದ್ದು ಗರಗಸ ನೋಡ್ಕೊಳುತ್ತೆ" ಅಂತ. ಮೂರು ವರ್ಷ ಹಾಗೇ ಮಾಡಿದೆ. ಹಲ್ಲು ಡಾಕ್ಟರಮ್ಮನ ಮನೆ ಕಪಾಟಿಗೂ ಹಾಗೇ ಮಾಡಿದೆ.

ಮೆಟ್ಟಿಲ ಕೆಳಗಿನ ಕಪಾಟು. ಏಳು ಬಾಗಿಲು, ಒಂದಕ್ಕಿಂತ ಒಂದು ಗಿಡ್ಡ, ಎಲ್ಲದರ ತಲೆಯೂ ಓರೆ. ಇವತ್ತು ತಗೊಂಡು ಹೋಗಿ ನಿಲ್ಲಿಸಿದ್ವಿ. ಮೆಟ್ಟಿಲು ಒಂದು ಕಡೆ ಇಳಿಯುತ್ತೆ, ಕಪಾಟು ಇನ್ನೊಂದು ಕಡೆ ಇಳಿಯುತ್ತೆ. ಗಂಡ ಹೆಂಡತಿ ಮುನಿಸ್ಕೊಂಡು ಮಲಗಿದ ಹಾಗೆ. ತಿರುಗಿಸಿ ಹಾಕೋಣ ಅಂದ್ರೆ ಮೈಕಾ ಒಳಗೆ, ಬರೀ ಪ್ಲೈವುಡ್ ಹೊರಗೆ. ಏಳೂ ಬಾಗಿಲು ದಂಡ.

ಅಲ್ಲಿ ನಿಂತ್ಕೊಂಡು, ಡಾಕ್ಟರಮ್ಮನ ಮುಂದೆ, ಪೇಂಟರ್ ಮುಂದೆ, ಎದುರು ಶೆಡ್ಡಿನ ಬೋಳು ಮೇಸ್ತ್ರಿ ಬೇರೆ ಯಾಕೋ ಬಂದಿದ್ದ, ಅವನ ಮುಂದೆ, ಆ ಮಾತು ಅಂದೆ ನೀನು. ಆ ಮಾತು ಇಲ್ಲಿ ಬರೆಯಲ್ಲ. ಶನಿವಾರ ನಾನು ಡ್ರಾಯಿಂಗ್ ಹೇಳಿಕೊಡಿ ಅಂತ ಕೇಳಿದ್ದೆ, ನೀನು "ಒಂಬತ್ತನೇ ಕ್ಲಾಸಿಗೆ ಗರಗಸ ಸಾಕು" ಅಂದಿದ್ದೆ, ಅದರ ಸಿಟ್ಟಿಗೆ ಬೇಕಂತಲೇ ಕೆಡಿಸಿದ ಅಂತ ಅದನ್ನೂ ಇದನ್ನೂ ಸೇರಿಸಿ ಗಂಟು ಹಾಕಿದೆ ನೀನು.

ಕಾಗದ ನನ್ನ ಹತ್ರ ಇದೆ. ನೀನೇ ಪ್ರಿಂಟ್ ತೆಗೆದು ಕೊಟ್ಟಿದ್ದು. ಇನ್ನು ನಿನ್ನ ವರ್ಕ್‌ಶಾಪಿಗೆ ಕಾಲಿಟ್ರೆ ನನ್ನ ಕಾಲನ್ನೇ ಕೊಯ್ಕೋತೀನಿ.


ಮಾರ್ಚ್ 5, ಮಂಗಳವಾರ

ಅಮ್ಮ ಲಾಂಡ್ರಿಯಿಂದ ಬಂದು ಕೈಗೆ ಎಣ್ಣೆ ಹಚ್ಕೋತಾ ಶುರು ಮಾಡಿದ್ಲು. ದಿನಕ್ಕೆ ಇನ್ನೂರು ಬೆಡ್‌ಶೀಟಿಗೆ ಇಸ್ತ್ರಿ ಹಾಕ್ತಾಳೆ, ಆದ್ರೂ ಬಾಯಿಗೆ ಸುಸ್ತಿಲ್ಲ.

"ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಕಣೋ."

"ನನ್ನ ಮೂಗಲ್ಲಮ್ಮ, ಅವನದು."

"ಅವರ ಮೂಗು ಕೊಯ್ದ್ರೆ ನಿನ್ನ ಅಕ್ಕ ಮೂಗಿಲ್ಲದ ಗಂಡನ್ನ ಇಟ್ಕೊಂಡು ಏನು ಮಾಡ್ಬೇಕು?"

ಮಾತು ಸರಿಯಾಗೇ ಇತ್ತು. ಅದಕ್ಕೂ ಸಿಟ್ಟು ಬಂತು.

ಏನೇನು ಮಾಡಬಹುದು ಅಂತ ಮಲ್ಕೊಂಡು ಯೋಚನೆ ಮಾಡಿದೆ. ಅವನ ಅಳತೆ ಟೇಪಿನ ಮೊದಲ ಒಂದು ಇಂಚು ಕತ್ತರಿಸಿ ಕೊಕ್ಕೆ ವಾಪಸ್ ಹೊಡೆದಿಡೋದು. ಫೆವಿಕಾಲ್ ಡಬ್ಬಕ್ಕೆ ಗಂಜಿ ಸುರಿಯೋದು. ಎಲ್ಲಾ ಚಿಲ್ಲರೆ. ಅವನು ಕೊನೇ ತನಕ ನೆನಪಿಟ್ಕೊಂಡು ಕೊರಗೋ ಹಾಗಿರಬೇಕು.


ಮಾರ್ಚ್ 7, ಗುರುವಾರ

ಬೋಳು ಮೇಸ್ತ್ರಿ ಶೆಡ್ಡಿಗೆ ಹೋಗಿ ಕೆಲಸ ಕೇಳಿದೆ. ಬೀಡಿ ಆರಿಸಿದ. ಆರಿಸಿದ್ದನ್ನ ಮತ್ತೆ ಹಚ್ಚಿದ.

"ಕೈ ಚೆನ್ನಾಗಿದೆ ನಿಂದು, ಸುಳ್ಳು ಹೇಳಲ್ಲ. ಆದ್ರೆ ನಿಮ್ಮ ಭಾವ ಅಂದಿದ್ದು ಈ ಕಿವಿಯಾರೆ ಕೇಳಿದ್ದೀನಪ್ಪ. ಸಿಟ್ಟು ಬಂದ್ರೆ ಹಲಗೆ ಮೇಲೆ ತೀರಿಸ್ಕೊಳ್ಳೋ ಹುಡುಗನ್ನ ಇಟ್ಕೊಂಡ್ರೆ ನಾನು ದಿನಾ ನಿನ್ನ ಮುಖ ನೋಡ್ಕೊಂಡು ಕೆಲಸ ಮಾಡಿಸ್ಬೇಕಾಗುತ್ತೆ."

"ನಾನು ಹಾಗೆ ಮಾಡಿಲ್ಲ ಮೇಸ್ತ್ರಿ."

"ಮಾಡಿಲ್ಲ ಅಂತ ತೋರಿಸು. ಇಲ್ಲಾಂದ್ರೆ ಡ್ರಾಯಿಂಗ್ ಕಲ್ತು ಬಾ. ಕೊಯ್ಯೋಕೆ ನನಗೆ ಮೂರು ಜನ ಮಕ್ಕಳಿದ್ದಾರೆ. ಲ್ಯಾಪ್‌ಟಾಪ್ ಮುಂದೆ ಕೂತ್ಕೊಳ್ಳೋಕೆ ಒಬ್ಬನೂ ಇಲ್ಲ. ನಿಮ್ಮ ಭಾವನ ಹತ್ರ ಹೋಗ್ತಿರೋ ಗಿರಾಕಿಗಳೆಲ್ಲ ಆ ಬಣ್ಣದ ಚಿತ್ರ ನೋಡಿಯೇ ಹೋಗೋದು."

ವಾಪಸ್ ಬರ್ತಾ ದಾರಿಯಲ್ಲೇ ಹೊಳೀತು. ಇದೇ. ಅವನ ಎದುರು ಶೆಡ್ಡಲ್ಲಿ, ಅವನ ಕಣ್ಣಿಗೆ ಕಾಣೋ ಹಾಗೆ ಕೂತು, ಒಂಬತ್ತನೇ ಕ್ಲಾಸಿನೋನು ಡ್ರಾಯಿಂಗ್ ಮಾಡ್ತಾನೆ. ಅವನ ಒಂದೊಂದು ಗಿರಾಕಿಯೂ ರಸ್ತೆ ದಾಟಿ ಈ ಕಡೆ ಬರಬೇಕು. ಅವನು ಬಾಗಿಲಲ್ಲಿ ನಿಂತು ಎಣಿಸ್ಕೋಬೇಕು.

ಒಂದು ಲ್ಯಾಪ್‌ಟಾಪ್ ಬೇಕು. ಹೊಸದು ನನ್ನ ಯೋಗ್ಯತೆಗಲ್ಲ. ಹಳೇದು ನೋಡ್ಬೇಕು. ಕೂಡಿಟ್ಟಿದ್ದು ಒಂದು ಸಲ ತಗೊಳ್ಳೋಕೆ ಸಾಕು, ಟೋಪಿ ಹಾಕಿಸ್ಕೊಂಡು ಇನ್ನೊಂದು ಸಲ ತಗೊಳ್ಳೋಕೆ ಸಾಕಾಗಲ್ಲ.


ಮಾರ್ಚ್ 9, ಶನಿವಾರ

ಬಸ್ ಸ್ಟ್ಯಾಂಡ್ ಹಿಂದೆ ಹಳೇ ಲ್ಯಾಪ್‌ಟಾಪ್ ಮಾರೋನು ಒಬ್ಬ ಇದ್ದಾನೆ. ಹಣೆ ಮೇಲೆ ಯಾವಾಗಲೂ ಒಂದು ಭೂತಗನ್ನಡಿ ಕಟ್ಕೊಂಡಿರ್ತಾನೆ, ಹೆಸರೂ ಅದೇ ಆಗಿಬಿಟ್ಟಿದೆ. ಮಾತಾಡೋವಾಗ ಅದನ್ನ ಕಣ್ಣಿಗೆ ಇಳಿಸ್ತಾನೆ. ನಮ್ಮನ್ನೇ ಬಿಚ್ಚಿ ನೋಡೋ ಹಾಗಿರುತ್ತೆ.

"ಯಾವುದಕ್ಕೆ ತಮ್ಮಾ?"

"ದಿನಾ ಬಳಸೋಕೆ. ಡ್ರಾಯಿಂಗ್."

"ಸಿನಿಮಾ ನೋಡೋಕೆ ಅಂದಿದ್ರೆ ಯಾವುದೋ ಒಂದು ಕೊಟ್ಟು ಕಳಿಸ್ತಿದ್ದೆ. ದಿನಾ ಅಂದ್ರೆ ಕೂತ್ಕೋ."

ಸ್ಟೂಲ್ ಕೊಟ್ಟ. ಹಳೇದು ತಗೊಳ್ಳೋವಾಗ ಹೊಳಪು ನೋಡ್ಬೇಡ ಅಂದ. ಮುಚ್ಚಳದ ಕೀಲು ಸಡಿಲ ಇದ್ಯಾ ನೋಡು, ಬ್ಯಾಟರಿ ಎಷ್ಟು ಹೊತ್ತು ಉಸಿರು ಹಿಡಿಯುತ್ತೆ ನೋಡು, ಒಂದೊಂದು ಕೀಲಿಯೂ ಒತ್ತಿ ನೋಡು, ಒಂದು ಗಂಟೆ ಓಡಿಸಿ ಹೊಟ್ಟೆ ಮುಟ್ಟಿ ನೋಡು, ಸುಟ್ರೆ ಬೇಡ. ಅಂಗಡಿಯಲ್ಲೇ ಬಂದು ಕೂತು ಎಷ್ಟು ದಿನ ಬೇಕಾದ್ರೂ ನಿನ್ನ ಕೆಲಸ ಮಾಡಿ ನೋಡು, ಹಿಡಿಸಿದ ಮೇಲೆ ತಗೋ. ಹಾಗೇ ಮಾರೋದಂತೆ ಅವನು.

"ಹೆಣ್ಣು ನೋಡೋಕೂ ಇಷ್ಟು ಟೈಮ್ ಕೊಡಲ್ಲ ಅಣ್ಣ."

"ಅದಕ್ಕೇ ಅಲ್ಲಿ ಅಷ್ಟು ರಿಪೇರಿ ಬರೋದು."

ಟೇಬಲ್ ಕೆಳಗೆ ಒಂದು ಬಕೆಟ್ ಇತ್ತು. ತುಂಬಾ ಕಬ್ಬಿಣದ ಡಬ್ಬಿಗಳು, ಎಲ್ಲಕ್ಕೂ ನಡುವೆ ತೂತು. ಹಳಬರ ಹಾರ್ಡ್ ಡಿಸ್ಕ್‌ಗಳಂತೆ. ಮಾರೋವಾಗ ತಗೊಳ್ಳೋನ ಕಣ್ಣೆದುರಿಗೇ ಹಳೇ ಡಿಸ್ಕ್ ಬಿಚ್ಚಿ, ಡ್ರಿಲ್ ಇಟ್ಟು ತೂತು ಹೊಡೆದು, ಹೊಸ ಡಿಸ್ಕ್ ಹಾಕಿ, ಬೇಕಾದ ಪ್ರೋಗ್ರಾಮ್ ತುಂಬಿ ಕೊಡ್ತಾನೆ. "ಒಬ್ಬರ ಸಂಸಾರ ಇನ್ನೊಬ್ಬರ ಮನೆಗೆ ಹೋಗಬಾರದು. ತೂತಾಗದೆ ಯಾವ ಡಿಸ್ಕೂ ಈ ಬಾಗಿಲು ದಾಟಿಲ್ಲ."

ನಾಲ್ಕು ತೋರಿಸಿದ. ನಾಲ್ಕನೇದು ದಪ್ಪಗೆ, ಕಪ್ಪಗೆ. ಮುಚ್ಚಳ ಎತ್ತಿದೆ. ಕೀಲಿಗಳ ಸಂದಿಯಲ್ಲಿ ಮರದ ಪುಡಿ. ಮೂಲೆಯಲ್ಲಿ ಒಣಗಿದ ಫೆವಿಕಾಲ್, ಹೆಬ್ಬೆರಳಿನ ಗುರುತು ಸಮೇತ.

ಅವನದು. ಭಾವನದು. ಮೂರು ವರ್ಷ ನನ್ನನ್ನ ಮುಟ್ಟಗೊಡದಿದ್ದ ಅದೇ ಲ್ಯಾಪ್‌ಟಾಪ್.

"ಬುಧವಾರ ಒಬ್ಬರು ಕೊಟ್ಟು ಹೊಸದು ತಗೊಂಡು ಹೋದ್ರು," ಅಂದ ಭೂತಗನ್ನಡಿ. "ಭಾರೀ ಸಿಟ್ಟಲ್ಲಿದ್ರು. ಇದರ ದೆಸೆಯಿಂದ ಮನೆ ಹಾಳಾಯ್ತು, ಒಳಗಿರೋದು ಏನೂ ಬೇಡ, ತೂತು ಹೊಡಿ ಅಂದ್ರು. ಮಾರೋವಾಗ ಹೊಡಿಯೋಣ ಅಂತ ಇಟ್ಟಿದ್ದೀನಿ. ಡ್ರಾಯಿಂಗ್ ಪ್ರೋಗ್ರಾಮ್ ಇದರಲ್ಲೇ ಇದೆ ನೋಡು, ಕೈ ಪಳಗಿಸ್ಕೋ."

ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ. ಮೊದಲು ನನ್ನ ಮೇಲೆ, ಆಮೇಲೆ ಲ್ಯಾಪ್‌ಟಾಪ್ ಮೇಲೆ.

ನಾನು ಯಾರು ಅಂತ ಹೇಳಲಿಲ್ಲ. "ಇದೇ ನೋಡ್ತೀನಿ" ಅಂದೆ.


ಮಾರ್ಚ್ 12, ಮಂಗಳವಾರ

ಮೂರು ದಿನದಿಂದ ಬೆಳಿಗ್ಗೆ ಹೋಗಿ ಸಂಜೆ ಬರ್ತಿದ್ದೀನಿ. ಅವನ ಲ್ಯಾಪ್‌ಟಾಪಲ್ಲಿ ಕಲ್ತು ಅವನ ಬುಡಕ್ಕೇ ಕೊಡಲಿ ಹಾಕೋದು. ಇದಕ್ಕಿಂತ ರುಚಿ ಯಾವುದಿದೆ?

ಸಾಮಾನು ಹೇಗಿದೆ ಅಂದ್ರೆ, ಬ್ಯಾಟರಿ ಮುಕ್ಕಾಲು ಗಂಟೆ. ಕೀಲು ಒಂದು ಕಡೆ ಸಡಿಲ, ಮುಚ್ಚಳ ತೂಕಡಿಸೋ ಮುದುಕನ ತಲೆ ಹಾಗೆ ಹಿಂದಕ್ಕೆ ಹೋಗುತ್ತೆ. ಫ್ಯಾನ್ ಶುರುವಾದ್ರೆ ಗರಗಸ ಓಡಿದ ಹಾಗೇ ಸದ್ದು, ನನಗೆ ಅದು ಅಭ್ಯಾಸ. ಕೀಲಿ ಎಲ್ಲಾ ಕೆಲಸ ಮಾಡ್ತಾವೆ, ಎರಡು ಮಾತ್ರ ಗುದ್ದಿದ್ರೇ ಮಾತು ಕೇಳೋದು. ಭೂತಗನ್ನಡಿ ಹಿಂದೆ ಬಿಚ್ಚಿ ಬ್ರಷ್ ಹಾಕಿದ, ಒಂದು ಹಿಡಿ ಪುಡಿ ಬಂತು. "ಇದರೊಳಗೆ ಮರ ಬೆಳೀತಿತ್ತಾ ಏನು ಕಥೆ" ಅಂದ. ಹೊಟ್ಟೆ ಬಿಸಿ ಆಗೋದು ನಿಂತಿತು.

ಮೊದಲ ದಿನ ಒಂದು ಸ್ಟೂಲ್ ಬರೆಯೋಕೆ ಸಂಜೆ ಆಯ್ತು. ಎರಡನೇ ದಿನ ಅಮ್ಮನ ಇಸ್ತ್ರಿ ಟೇಬಲ್. ಅಳತೆ ಕೊಟ್ರೆ ಸಾಕು ಅದೇ ಗೆರೆ ಎಳೆಯುತ್ತೆ. ಅಳತೆ ನನಗೆ ಯಾರೂ ಹೇಳಿಕೊಡೋದು ಬೇಡ. ಇಂಚಿನ ಎಂಟನೇ ಪಾಲು, ಆ ಸೂತನ್ನೂ ಕಣ್ಣಲ್ಲೇ ಹೇಳ್ತೀನಿ. ಇಷ್ಟಕ್ಕಾ ಅವನು ಅಷ್ಟು ಮೆರೀತಿದ್ದಿದ್ದು?

ಇವತ್ತು ಡಾಕ್ಟರಮ್ಮನ ಕಪಾಟನ್ನೇ ನೆನಪಿಂದ ಬರೆದೆ. ಏಳು ಬಾಗಿಲು. ಒಂದು ಮುಂದಿನ ನೋಟ, ಪಕ್ಕದಲ್ಲೇ ಒಂದು ಹಿಂದಿನ ನೋಟ. ಪ್ರತಿ ಹಲಗೆ ಮೇಲೆ "ಮೈಕಾ ಈ ಕಡೆ" ಅಂತ ಬಾಣ. ಹೀಗಿದ್ರೆ ಕುರುಡ ಕೊಯ್ದ್ರೂ ತಪ್ಪಾಗಲ್ಲ. ಭೂತಗನ್ನಡಿ ಬೆನ್ನ ಹಿಂದೆ ಬಂದು ನಿಂತು, ಕನ್ನಡಿ ಇಳಿಸಿ, "ಬಾಣ ಯಾಕೆ?" ಅಂದ. ಹೇಳಿದೆ. ಹೇಳ್ತಾ ಹೇಳ್ತಾ ಊಟದ ಹೊತ್ತು ದಾಟಿತ್ತು. "ಎಲ್ಲಿ ಓದಿದ್ದು?" ಅಂದ. "ಗರಗಸದ ಹತ್ರ" ಅಂದೆ.

ಇದನ್ನೆಲ್ಲ ಬರೀತಿರೋದು ಅವನ ಮೇಲಿನ ಸಿಟ್ಟಿಗೆ. ಮರೆತಿಲ್ಲ.


ಮಾರ್ಚ್ 14, ಗುರುವಾರ

ಸಿಕ್ತು.

ಇಷ್ಟು ದಿನ ಅವನ ಫೈಲುಗಳ ಕಡೆ ಕಣ್ಣು ಹಾಕಿರಲಿಲ್ಲ. ಇವತ್ತು ಹುಡುಕಿದೆ. ಡಾಕ್ಟರಮ್ಮನ ಕಪಾಟಿನದು ಎರಡಿದೆ. ಮೊದಲನೇದು ಶನಿವಾರದ್ದು, ಮುಂದಿನಿಂದ ಬರೆದಿದ್ದು, ಎಂದಿನ ಹಾಗೆ. ಎರಡನೇದು ಭಾನುವಾರ ಬೆಳಿಗ್ಗೆ ಏಳಕ್ಕೆ ಮಾಡಿದ್ದು. ಅದರಲ್ಲಿ ಎಡ ಬಲ ತಿರುಗಿಸಿಬಿಟ್ಟಿದ್ದಾನೆ. ಮೂರು ವರ್ಷದಲ್ಲಿ ಒಂದೇ ಒಂದು ಸಲ, ಅವನೇ ತಿರುಗಿಸಿದ್ದಾನೆ. ನನ್ನ ಕೈಗೆ ಬಂದ ಪ್ರಿಂಟು ಅದೇ. ಅವನು ಒಂದು ಸಲ ತಿರುಗಿಸಿದ, ನಾನು ಇನ್ನೊಂದು ಸಲ ತಿರುಗಿಸಿದೆ. ಕಪಾಟು ಮತ್ತೇನಾಗುತ್ತೆ?

ತಪ್ಪು ಅವನದು. ಅವನದೇ. ಗಡಿಯಾರದ ಟೈಮ್ ಸಮೇತ. ಫೋನ್ ತೆಗೆದು ಫೋಟೋ ಹೊಡೆದೆ. ಒಂದಲ್ಲ, ನಾಲ್ಕು.

ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಹಾಳೆಯ ಕೆಳ ತುದಿಯಲ್ಲಿ ಚಿಕ್ಕದಾಗಿ ಒಂದು ಸಾಲು ಇದೆ. "ನಾನೇ ತಿರುಗಿಸಿದ್ದೀನಿ. ಗೆರೆ ಹೀಗೇ ಹಾಕು, ತಲೆ ಕೆಡಿಸ್ಕೋಬೇಡ."

ಜೇಬಿಂದ ಪ್ರಿಂಟ್ ತೆಗೆದೆ. ಆ ಸಾಲು ಇಲ್ಲ. ಇರೋಕೆ ಸಾಧ್ಯ ಇಲ್ಲ. ವರ್ಕ್‌ಶಾಪಿನ ಪ್ರಿಂಟರ್ ಹಾಳೆಯ ಕೆಳಗಿನ ಎರಡು ಬೆರಳು ಯಾವತ್ತೂ ತಿಂದುಹಾಕುತ್ತೆ. ಪಟ್ಟಿಯ ಕೊನೇ ಸಾಲು ಬರದೆ ಎಷ್ಟು ಸಲ ಹೋಗಿ ಕೇಳಿದ್ದೀನಿ ನಾನು. ಅವನಿಗೂ ಗೊತ್ತು. ಗೊತ್ತಿದ್ದೂ ಅಲ್ಲೇ ಬರೆದಿದ್ದಾನೆ. ಜಾಗ ಖಾಲಿ ಇತ್ತು ಅಂತ ಬರೆದಿರ್ತಾನೆ, ಎಮ್ಮೆ.

ಅಂದ್ರೆ ಅವನು ಹೇಳಿದ್ದೀನಿ ಅನ್ಕೊಂಡಿದ್ದಾನೆ. ನಾನು ಓದಿಯೂ ಓದದ ಹಾಗೆ ಮಾಡಿದ್ದೀನಿ ಅನ್ಕೊಂಡಿದ್ದಾನೆ.

ಅನ್ಕೊಳ್ಳಿ. ಅನ್ಕೊಂಡ ಮಾತ್ರಕ್ಕೆ ಎಲ್ಲರ ಮುಂದೆ ಅನ್ನಬಹುದಾ? ನಾನು ಎಷ್ಟು ಸಲ ಕಾಗದ ತೋರಿಸ್ತೀನಿ ಅಂದೆ, ನೋಡಿದ್ನಾ?

ತಲೆ ಕೆಡಿಸ್ಕೋಬೇಡ ಅಂತೆ. ಕೆಡಿಸಿದ್ದು ಯಾರು?

ಫೋನಲ್ಲಿ ಫೋಟೋದ ಕೆಳಗಿನ ತುದಿ ಕತ್ತರಿಸಿದೆ. ಆ ಸಾಲು ಹೋಯ್ತು. ಗೆರೆ ನೀಟಾಗಿ ಬಂತು. ಪೂರ್ತಿ ಇದ್ದದ್ದು ನಾಲ್ಕನ್ನೂ ಅಳಿಸಿದೆ.


ಮಾರ್ಚ್ 15, ಶುಕ್ರವಾರ

ಅಕ್ಕನಿಗೆ ಕಳಿಸಿದೆ. ಬೋಳು ಮೇಸ್ತ್ರಿಗೂ ಕಳಿಸಿದೆ.

ಹಾ.


ಮಾರ್ಚ್ 16, ಶನಿವಾರ

ಅಕ್ಕ ಬಂದಿದ್ದಾಳೆ. ಒಂದು ಬ್ಯಾಗು, ಒಂದು ದಿಂಬು. ದಿಂಬು ಯಾಕೆ ತಂದಳೋ, ನಮ್ಮನೇಲಿ ದಿಂಬಿಲ್ವಾ.

ಬಾಗಿಲಲ್ಲೇ ಹೇಳಿದಳು. "ನನ್ನ ತಮ್ಮನ ಮೇಲೆ ಅಷ್ಟು ದೊಡ್ಡ ಮಾತು ಹೊರಿಸಿ, ಮಾಡಿದ್ದು ತಾನೇ ಅಂತ ಗೊತ್ತಾದ ಮೇಲೂ ಒಪ್ಕೊಳ್ಳಲ್ಲ. ಬರೆದಿದ್ದೆ ಕಣೇ, ಬರೆದಿದ್ದೆ ಅಂತಾರೆ. ಎಲ್ಲಿ ಬರೆದಿದ್ರಿ ತೋರಿಸಿ ಅಂದ್ರೆ, ಮಾರಿಬಿಟ್ಟ ಲ್ಯಾಪ್‌ಟಾಪಲ್ಲಿತ್ತು, ತೂತು ಹೊಡೆಸಿಬಿಟ್ಟೆ ಅಂತಾರೆ. ಸುಳ್ಳಿಗೂ ಒಂದು ಮುಖ ಮೂತಿ ಬೇಡ್ವಾ?"

ಅಮ್ಮ ನನ್ನ ಕಡೆ ನೋಡಿದಳು. ನಾನು ನೀರು ಕುಡಿಯೋಕೆ ಹೋದೆ.

ಗೆದ್ದೆ. ಅವನು ಈಗ ಒಬ್ಬನೇ ಹಲಗೆ ಹೊರ್ತಿರ್ತಾನೆ, ಒಬ್ಬನೇ ಫೋನ್ ಎತ್ತುತ್ತಿರ್ತಾನೆ. ಒಬ್ಬನೇ ಉಣ್ಣಲಿ.


ಮಾರ್ಚ್ 19, ಮಂಗಳವಾರ

ಬೋಳು ಮೇಸ್ತ್ರಿ ಫೋನ್ ಮಾಡಿ, "ಫೋಟೋ ನೋಡ್ದೆ. ಒಂದನೇ ತಾರೀಕಿಂದ ಬಾ. ಲ್ಯಾಪ್‌ಟಾಪ್ ತಗೊಂಡು ಬಾ" ಅಂದ. ಇದಕ್ಕೇ ತಾನೇ ಕಾದಿದ್ದು. ಹೂಂ ಅಂದೆ. ಅಷ್ಟೇ ಅಂದೆ.

ಅಕ್ಕ ಮೂರು ದಿನದಿಂದ ಅಮ್ಮನ ಜೊತೆ ಲಾಂಡ್ರಿಗೆ ಹೋಗ್ತಿದ್ದಾಳೆ. ಸುಮ್ಮನೆ ಕೂರೋಕಾಗಲ್ಲ ಅಂತ. ಇವತ್ತು ಬಂದೋಳು ನನ್ನ ಪಕ್ಕ ಕೂತು ಒಂದು ಮಾತು ಹೇಳಿದಳು.

"ಹನ್ನೊಂದು ವರ್ಷ ಕಣೋ. ಬಾಯಿ ಕೆಟ್ಟದ್ದು, ಬೈತಾರೆ. ಸಿಟ್ಟು ಬಂದ್ರೆ ತಟ್ಟೆ ಸರಿಸಿ ಎದ್ದು ಹೋಗ್ತಾರೆ. ಎಲ್ಲಾ ಸರಿ. ಆದ್ರೆ ನನ್ನ ಹತ್ರ ಒಂದು ದಿನ ಸುಳ್ಳು ಹೇಳಿರಲಿಲ್ಲ. ಬೈಗುಳ ಅಭ್ಯಾಸ ಆಗುತ್ತೆ. ಇದು ಹೇಗೆ ಅಭ್ಯಾಸ ಮಾಡ್ಕೊಳ್ಳಿ?"

ನಾನು ಚಾಪೆ ಕಡ್ಡಿ ಕೀಳ್ತಾ ಕೂತೆ. 

"ನೀನಾದ್ರೂ ನನಗೆ ನಿಜ ಕಳಿಸಿದ್ಯಲ್ಲ," ಅಂದಳು. ತಲೆ ಸವರಿದಳು. ಕೈಯಲ್ಲಿ ಇಸ್ತ್ರಿ ತಾಗಿ ಸುಟ್ಟ ಗಾಯ.

ಊಟ ಸೇರಲಿಲ್ಲ. ಅವನ ಮೇಲಿನ ಸಿಟ್ಟಿಗೇ ಸೇರಲಿಲ್ಲ. ಅಲ್ಲ, ಆ ಮನುಷ್ಯ ಲ್ಯಾಪ್‌ಟಾಪ್ ಮಾರದೆ ಇದ್ದಿದ್ರೆ ಇಷ್ಟೆಲ್ಲಾ ಆಗ್ತಿತ್ತಾ? ದುಡುಕು. ಎಲ್ಲದಕ್ಕೂ ದುಡುಕು.


ಮಾರ್ಚ್ 21, ಗುರುವಾರ

ಲ್ಯಾಪ್‌ಟಾಪ್ ತಗೊಳ್ಳೋಕೆ ಹೋದೆ. ಇವತ್ತು ಮುಗಿಸಿಬಿಡೋಣ ಅಂತ. ತೂತು ಬಿದ್ರೆ ಆ ಸಾಲು ಭೂಮಿ ಮೇಲೆ ಎಲ್ಲೂ ಇರಲ್ಲ. ನನ್ನ ಫೋಟೋ ಒಂದೇ ಉಳಿಯೋದು. ಭಾವ ಸಾಯೋ ತನಕ ಸುಳ್ಳುಗಾರ. ನಾನು ಬಯಸಿದ್ದು ಇದೇ ತಾನೇ, ಕೊನೇ ತನಕ ಕೊರಗಬೇಕು ಅಂತ.

ದುಡ್ಡು ಕೊಟ್ಟೆ. ಭೂತಗನ್ನಡಿ ಕೊನೇ ಸಲ ಕೇಳಿದ. "ಯೋಚನೆ ಮಾಡಿದ್ಯಾ? ಕೀಲು ಇನ್ನೊಂದು ವರ್ಷಕ್ಕೆ ಕೈ ಕೊಡುತ್ತೆ, ಬ್ಯಾಟರಿ ಬದಲಾಯಿಸ್ಬೇಕು. ಮಿಕ್ಕಿದ್ದಕ್ಕೆ ಜೀವ ಗಟ್ಟಿ ಇದೆ. ಮಧ್ಯದಲ್ಲಿ ಕೈ ಬಿಡೋ ಮಾಲಲ್ಲ."

"ಗೊತ್ತು. ಕೊಡಿ."

ನಾಲ್ಕು ತಿರುಪು ಬಿಚ್ಚಿ ಡಿಸ್ಕ್ ಈಚೆ ತೆಗೆದ. ಅಂಗೈ ಅಗಲ ಇದೆ, ಅಷ್ಟೇ. ಮರದ ತುಂಡಿನ ಮೇಲಿಟ್ಟ. ಡ್ರಿಲ್ ತಗೊಂಡ. ಮೊನೆ ಇಟ್ಟ. "ನೋಡ್ಕೋ ತಮ್ಮಾ, ಆಮೇಲೆ ನೋಡಿಲ್ಲ ಅನ್ಬಾರ್ದು."

ಡ್ರಿಲ್ ತಿರುಗಿತು.

"ನಿಲ್ಸಿ."

ನಿಲ್ಲಿಸಿದ.

"ಒಂದಿನ ಹಾಗೇ ಇಟ್ಕೊಳ್ಳಿ ಅಣ್ಣ. ವಾಪಸ್ ಹಾಕಿ. ನಾಳೆ ಇಬ್ಬರನ್ನ ಕರ್ಕೊಂಡು ಬರ್ತೀನಿ."

ಕನ್ನಡಿ ಇಳಿಸಿ ನನ್ನ ಮುಖ ನೋಡಿದ. ಡಿಸ್ಕ್ ವಾಪಸ್ ಹಾಕಿ ತಿರುಪು ಬಿಗಿದ. ಯಾಕೆ ಅಂತ ಕೇಳಿದ್ರೆ ಏನು ಹೇಳ್ತಿದ್ದೆನೋ ಗೊತ್ತಿಲ್ಲ.

ಇನ್ನೊಂದು ಫೋಟೋ ಹೊಡೆದು ಅಕ್ಕನಿಗೆ ಕಳಿಸಬಹುದಿತ್ತು. ಒಂದು ಸಲ ಕತ್ತರಿಸಿದೋನ ಎರಡನೇ ಫೋಟೋ ಯಾರು ನಂಬ್ತಾರೆ? ಕಣ್ಣಾರೆ ನೋಡ್ಲಿ. ಮತ್ತೆ, ಬರೆದದ್ದು ಎಲ್ಲಿ ಬರೆದಿದ್ದೀನಿ ಅಂತ ಗೊತ್ತಾದಾಗ ಭಾವನ ಮುಖ ಹೇಗಾಗುತ್ತೆ ಅಂತ ನಾನು ನೋಡ್ಬೇಕು. ಅದಕ್ಕೇ ನಿಲ್ಲಿಸಿದ್ದು. ಬೇರೆ ಏನಿಲ್ಲ.


ಮಾರ್ಚ್ 22, ಶುಕ್ರವಾರ

ಅಕ್ಕನಿಗೆ "ಲ್ಯಾಪ್‌ಟಾಪ್ ತಗೋತಿದ್ದೀನಿ, ಬಾ" ಅಂದೆ. ಭಾವನಿಗೆ ಫೋನ್ ಮಾಡಿದೆ. "ನಿಮ್ಮ ಹಳೇ ಲ್ಯಾಪ್‌ಟಾಪ್ ಇನ್ನೂ ತೂತಾಗಿಲ್ಲ, ಬನ್ನಿ" ಅಂದೆ. ಆ ಕಡೆಯಿಂದ ಗರಗಸ ನಿಂತಿದ್ದು ಕೇಳಿಸ್ತು. ಹತ್ತು ನಿಮಿಷಕ್ಕೆ ಬಂದ್ರು. ಹುಬ್ಬಿನ ತುಂಬಾ ಪುಡಿ. ಗಡ್ಡ ಬಿಟ್ಟಿದ್ದಾರೆ, ಒಂದು ಕಡೆ ಬಿಳಿ ಬಂದಿದೆ. ಅಂಗಡಿಯಲ್ಲಿ ನಾಲ್ಕು ಜನ ನಿಂತ್ರೆ ಐದನೆಯೋನಿಗೆ ಉಸಿರಾಡೋಕೆ ಜಾಗ ಇಲ್ಲ. ಗಂಡ ಹೆಂಡತಿ ಭುಜ ತಾಗಿಸ್ಕೊಂಡು ನಿಂತು ಒಬ್ಬರ ಮುಖ ಒಬ್ಬರು ನೋಡ್ತಿಲ್ಲ.

ಫೈಲ್ ತೆಗೆದೆ. ಕೆಳಗಿನ ಸಾಲು ದೊಡ್ಡದು ಮಾಡಿದೆ. 

ಭಾವ ಬಗ್ಗಿ ಓದಿದ್ರು. ನೆಟ್ಟಗಾದ್ರು. ನಾನು ಹದಿನೆಂಟು ದಿನದಿಂದ ಕಾದಿದ್ದ ಮುಖ ಬರಲೇ ಇಲ್ಲ. ಬಂದಿದ್ದು ಬೇರೆ ಮುಖ.

"ನೋಡಿದ್ಯಾ?" ಅಂದ್ರು ಅಕ್ಕನಿಗೆ. "ಬರೆದಿದ್ದೆ ಅಂದ್ರೆ ನಂಬಲಿಲ್ಲ. ನೋಡು. ಬರೆದಿದ್ದೀನಾ ಇಲ್ವಾ?"

ನಾನು ಜೇಬಿಂದ ಪ್ರಿಂಟ್ ತೆಗೆದು ಕೀಲಿಗಳ ಮೇಲೆ ಹರಡಿದೆ. "ಇದರಲ್ಲಿ ಓದಿ ಭಾವ."

ಓದೋಕೆ ಏನೂ ಇರಲಿಲ್ಲ. ಹೆಬ್ಬೆರಳಲ್ಲಿ ಕೆಳಗಿನ ಖಾಲಿ ಜಾಗ ತಿಕ್ಕಿದ್ರು. ತಿಕ್ಕಿದ್ರೆ ಬರುತ್ತೆ ಅನ್ನೋ ಹಾಗೆ.

"ಆ ಪ್ರಿಂಟರ್ ಕಚ್ಚುತ್ತೆ ಅಂತ ನಿನಗೂ ಗೊತ್ತಲ್ಲ. ಬಂದು ಕೇಳ್ಬೇಕಿತ್ತು."

"ಇಲ್ಲದೇ ಇರೋ ಸಾಲನ್ನ ಏನಂತ ಕೇಳ್ಲಿ?"

"ರೀ, ಸುಮ್ನಿರಿ ಸ್ವಲ್ಪ," ಅಂದಳು ಅಕ್ಕ. ಅವಳು ಭಾವನ ಕಡೆ ನೋಡ್ತಿರಲಿಲ್ಲ. ಫೋನ್ ತೆಗೆದು ನಾನು ಕಳಿಸಿದ್ದನ್ನ ಪರದೆ ಪಕ್ಕದಲ್ಲಿ ಹಿಡಿದಿದ್ದಳು. "ನನಗೆ ಬಂದಿದ್ದರಲ್ಲಿ ಈ ಸಾಲು ಎಲ್ಲೋ?"

"ಕತ್ತರಿಸಿದೆ."

"ಯಾವಾಗ?"

"ಕಳಿಸೋಕೆ ಮುಂಚೆ."

ಹೊಡೀತಾಳೆ ಅನ್ಕೊಂಡೆ. ಹೊಡೀಲಿಲ್ಲ. ಫೋನ್ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. "ಆರು ದಿನ ನನ್ನ ಪಕ್ಕ ಕೂತು ಉಂಡ್ಯಲ್ಲೋ," ಅಂದಳು. ಹೊಡೆದಿದ್ರೆ ಚೆನ್ನಾಗಿತ್ತು.

ಭಾವ ಮೂಗಲ್ಲಿ ಒಂದು ಸದ್ದು ಮಾಡಿದ್ರು, ನಕ್ಕಿದ್ದಿರಬೇಕು. "ನನ್ನ ಹತ್ರ ಕೊಯ್ಯೋದು ಕಲ್ತೋನು ತಾನೇ. ನೋಡು, ಗೆರೆ ಎಷ್ಟು ನೀಟಾಗಿದೆ." ಆಮೇಲೆ ನನ್ನ ಡ್ರಾಯಿಂಗ್ ಕಣ್ಣಿಗೆ ಬಿತ್ತು. ಏಳು ಬಾಗಿಲು, ಎರಡು ನೋಟ, ಬಾಣಗಳು. ಬಹಳ ಹೊತ್ತು ನೋಡಿದ್ರು. ಒಂದೊಂದೇ ಅಳತೆ ಬಾಯಲ್ಲಿ ಹೇಳ್ಕೊಂಡ್ರು. ತಪ್ಪು ಹುಡುಕ್ತಿದ್ರು, ನನಗೆ ಗೊತ್ತು. ಸಿಗಲಿಲ್ಲ.

"ಈ ಡಬ್ಬ ಬೇಡ. ದುಡ್ಡು ವಾಪಸ್ ತಗೋ," ಅಂದ್ರು ಕೊನೆಗೆ. "ನಾಳೆಯಿಂದ ಬಾ. ಹೊಸದರಲ್ಲಿ ಕೂತ್ಕೋ. ಡಾಕ್ಟರಮ್ಮನದು ಇದನ್ನೇ ಹಿಡಿದು ಮತ್ತೆ ಕೊಯ್ಯೋಣ."

ಮೂರು ವರ್ಷ ಈ ಒಂದು ಮಾತಿಗೆ ಬಾಯಿ ಬಿಟ್ಕೊಂಡು ಕಾದಿದ್ದೆ. ಈಗ ಕೊಡ್ತಿದ್ದಾರೆ, ಉಳಿದ ತಂಗಳು ಕೊಟ್ಟ ಹಾಗೆ.

"ಮೊದಲು ಆ ಮಾತು ವಾಪಸ್ ತಗೊಳ್ಳಿ. ಯಾರ್ಯಾರ ಮುಂದೆ ಅಂದಿದ್ರೋ ಅವರ ಮುಂದೆ."

"ಆಯ್ತಪ್ಪ, ಇಲ್ಲಿ ಇವರಿದ್ದಾರೆ. ಇವರ ಮುಂದೆ ತಗೊಂಡೆ ಅನ್ಕೋ."

"ಇವರು ಅಲ್ಲಿರಲಿಲ್ಲ. ಡಾಕ್ಟರಮ್ಮ ಇದ್ರು. ಪೇಂಟರ್ ಇದ್ದ. ಬೋಳು ಮೇಸ್ತ್ರಿ ಇದ್ದ. ನಾನು ಅವನಿಗೂ ಆ ಫೋಟೋ ಕಳಿಸಿದ್ದೀನಿ. ಈಗ ಹೋಗಿ ಪೂರ್ತಿ ವಿಷಯ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ. ನೀವೂ ಬನ್ನಿ, ನಿಮ್ಮದು ನೀವು ಹೇಳಿ."

"ಅವನ ಮುಂದೆ ನಾನು ತಪ್ಪೊಪ್ಕೊಳ್ಳೋದಾ? ನನ್ನ ವಯಸ್ಸೇನು, ನಿನ್ನ ವಯಸ್ಸೇನು?"

"ಅನ್ನೋವಾಗ ವಯಸ್ಸು ಎಲ್ಲಿಟ್ಟಿದ್ರಿ?"

ಭಾವ ಮೀಸೆ ಮೇಲಿನ ಪುಡಿ ಒರೆಸ್ಕೊಂಡ್ರು. ಅಕ್ಕ, "ರೀ, ಹೋಗಿ ಬನ್ನಿ" ಅಂದಳು, ಬಹಳ ಮೆಲ್ಲಗೆ. ಅಲ್ಲಾಡಲಿಲ್ಲ ಮನುಷ್ಯ.

"ಅಣ್ಣ, ಡಿಸ್ಕ್ ಬಿಚ್ಚಿ," ಅಂದೆ.

ಭೂತಗನ್ನಡಿ ಬಿಚ್ಚಿದ. ಡ್ರಿಲ್ ಕಡೆ ಕೈ ಹಾಕಿದ. ಬೇಡ ಅಂದೆ. "ಅವರದು ಅವರಿಗೇ ಕೊಡಿ." ಅವನು ನಮ್ಮ ಮೂವರನ್ನೂ ನೋಡಿ, ಅದನ್ನ ಒಂದು ಬಟ್ಟೆಯಲ್ಲಿ ಸುತ್ತಿ ಭಾವನ ಕೈಗೆ ಕೊಟ್ಟ. ಹೊಸ ಡಿಸ್ಕ್ ಹಾಕಿ ತಿರುಪು ಬಿಗಿದ.

ಲ್ಯಾಪ್‌ಟಾಪ್ ಕಂಕುಳಿಗೆ ಸೇರಿಸ್ಕೊಂಡೆ. ಭಾರ ಇದೆ. ಭಾವ ದಾರಿ ಬಿಡಲಿಲ್ಲ, ಬಿಡೋಕೆ ಜಾಗವೂ ಇರಲಿಲ್ಲ. ಭುಜಕ್ಕೆ ಭುಜ ಒರಸ್ಕೊಂಡು ದಾಟಿದೆ.

"ಮೆಲ್ಲಗೆ ತಮ್ಮಾ, ಬಾಗಿಲು ಗಾಜಿಂದು," ಅಂದ ಭೂತಗನ್ನಡಿ.

ಹೊರಗೆ ಬಂದು ಧಡಾರ್ ಅಂತ ಎಳೆದೆ.